ಹೊಗೆನಳಿಗೆಯೊಳಗಿನ ಹೊನ್ನು

ನಿಲ್ಲಿಸಿದ ಮೋಟಾರು ಗಾಡಿಯನ್ನು ಇದ್ದಲ್ಲಿಯೇ ಬಿಟ್ಟು, ಅದರ ಅಂಗಗಳನ್ನಷ್ಟೇ ಬಿಚ್ಚಿಕೊಂಡು ಹೋಗುವ ಕಳ್ಳತನ ಹೊಸದಲ್ಲ. ಗಾಜೊರೆಸುವ ವೈಪರು, ಪಕ್ಕದ ಕನ್ನಡಿ, ಬ್ಯಾಟರಿ, ಸ್ಟೆಪ್ನಿ ಇವೆಲ್ಲ ಹಿಂದಿನಿಂದಲೂ ಕಳ್ಳರ ಕಣ್ಣಿಗೆ ಬಿದ್ದ ವಸ್ತುಗಳೇ. (ಸ್ಟೆಪ್ನಿ ಎಂಬ ಮಾತನ್ನು ನಮ್ಮ ಮೆಕ್ಯಾನಿಕ್ಕುಗಳು ಅಚ್ಚ ಕನ್ನಡವೆಂಬಂತೆ ಆಡುತ್ತಾರೆ. ಅದು ವೇಲ್ಸ್ ನಾಡಿನ ಲನೆಲಿ ಪಟ್ಟಣದ ಒಂದು ಬೀದಿಯ ಹೆಸರು. 1904ರಲ್ಲಿ ಡೇವಿಸ್ ಸೋದರರು ಅಲ್ಲಿ ಬಿಡಿ ಚಕ್ರವನ್ನು ತಯಾರಿಸಿದರು. ಬೀದಿಯ ಹೆಸರು ಚಕ್ರಕ್ಕೆ ಅಂಟಿಕೊಂಡು ನಮ್ಮವರೆಗೂ ಉರುಳಿ ಬಂದಿತು.) ಆದರೆ ಈಚಿನ ವರ್ಷಗಳಲ್ಲಿ ಕಳ್ಳರು ಹುಡುಕಿಕೊಂಡು ಬಂದಿರುವುದು ಹೊರಗೆ ಕಾಣುವ ಯಾವ ವಸ್ತುವನ್ನೂ ಅಲ್ಲ. ಗಾಡಿಯ ಹೊಟ್ಟೆಯ ಕೆಳಗೆ, ಧೂಳು ಕೆಸರು ಮೆತ್ತಿಕೊಂಡು ತೂಗುವ ಒಂದು ತಗಡಿನ ಡಬ್ಬಿಯನ್ನು.

ಈ ಡಬ್ಬಿಗೆ ಕೆಟಲಿಟಿಕ್ ಕನ್ವರ್ಟರ್ ಎಂದು ಹೆಸರು. ನಮ್ಮ ಪಠ್ಯಪುಸ್ತಕದ ಭಾಷೆಯಲ್ಲಿ ವೇಗವರ್ಧಕ ಪರಿವರ್ತಕ ಎನ್ನಬಹುದು. ಬೀದಿಯ ಭಾಷೆಯಲ್ಲಿ ಅದನ್ನೂ ಸೈಲೆನ್ಸರಿನೊಡನೆ ಸೇರಿಸಿ ಸೈಲೆನ್ಸರೆಂದೇ ಕರೆಯುವುದುಂಟು. ಪೆಟ್ರೋಲು ಎಂಜಿನ್ನಿನಲ್ಲಿ ಪೂರ್ತಿಯಾಗಿ ಉರಿಯದೆ ಹೊರಬರುವ ಹೊಗೆಯಲ್ಲಿ ಮೂರು ಬಗೆಯ ಕೇಡುಗಳಿರುತ್ತವೆ. ಮೊದಲನೆಯದು ಇಂಗಾಲದ ಮಾನಾಕ್ಸೈಡು. ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೊಠಡಿಯಲ್ಲಿ ತುಂಬಿದರೆ ಮನುಷ್ಯನನ್ನು ಕೊಲ್ಲಬಲ್ಲದು. ಎರಡನೆಯದು ಉರಿಯದೆ ಉಳಿದ ಪೆಟ್ರೋಲಿನ ಆವಿ. ಮೂರನೆಯದು ಸಾರಜನಕದ ಆಕ್ಸೈಡುಗಳು. ಇವನ್ನು ಇಂಗಾಲದ ಡೈಆಕ್ಸೈಡು, ನೀರಾವಿ, ಸಾರಜನಕಗಳಾಗಿ ಮಾರ್ಪಡಿಸುವುದೇ ಡಬ್ಬಿಯ ಕೆಲಸ.

ಒಳಗೆ ಜೇನುಹುಟ್ಟಿನಂತೆ ಸಾಲುಸಾಲು ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ದಿಂಡು ಇರುತ್ತದೆ. ಅದರ ಗೋಡೆಗಳಿಗೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಎಂಬ ಲೋಹಗಳನ್ನು ಅತಿ ನುಣುಪಾದ ಪುಡಿಯಾಗಿ ಲೇಪಿಸಿರುತ್ತಾರೆ. ಮೂರೂ ಸೇರಿ ಕೆಲವೇ ಗ್ರಾಂ ತೂಗಿಯಾವು. ವೇಗವರ್ಧಕವೆಂದರೇನೆಂದು ಹುಡುಗರು ಕೇಳಿದರೆ ಮದುವೆಯ ಮಧ್ಯಸ್ಥನನ್ನು ನೆನೆಯಿರೆಂದು ಹೇಳುತ್ತೇನೆ. ಎರಡು ಮನೆಯವರನ್ನು ಕೂಡಿಸುತ್ತಾನೆ, ಸಂಬಂಧ ಬೆಳೆಸುತ್ತಾನೆ, ತಾನು ಮಾತ್ರ ಬಂದ ಹಾಗೆಯೇ ಎದ್ದು ಹೋಗುತ್ತಾನೆ. ಈ ಲೋಹಗಳೂ ಹಾಗೆಯೇ. ಹೊಗೆಯ ಅಣುಗಳನ್ನು ಕೂಡಿಸಿ ಬಿಡಿಸಿ ಮಾಡುತ್ತವೆಯೇ ಹೊರತು ತಾವು ಆ ಕ್ರಿಯೆಯಲ್ಲಿ ಮುಗಿದುಹೋಗುವುದಿಲ್ಲ. ಕಳ್ಳತನದ ಮೂಲವೂ ಇಲ್ಲಿಯೇ ಇದೆ. ಹತ್ತು ವರ್ಷ ಓಡಿದ ಗಾಡಿಯ ಚಕ್ರ ಸವೆದಿರುತ್ತದೆ, ಬ್ಯಾಟರಿ ಸತ್ತಿರುತ್ತದೆ. ಡಬ್ಬಿಯೊಳಗಿನ ಲೋಹ ಬಹುಮಟ್ಟಿಗೆ ಉಳಿದೇ ಇರುತ್ತದೆ.

ಇದನ್ನು ರೂಪಿಸಿದವರಲ್ಲಿ ಪ್ರಮುಖನು ಫ್ರಾನ್ಸಿನಿಂದ ಅಮೆರಿಕೆಗೆ ಹೋಗಿ ನೆಲೆಸಿದ ಯೂಜೀನ್ ಹೂದ್ರಿ ಎಂಬ ಎಂಜಿನಿಯರು. 1956ರಲ್ಲಿ ಅವನಿಗೆ ಪೇಟೆಂಟು ದೊರೆಯಿತು. ಆದರೆ ಆ ಕಾಲದ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದುದರಿಂದ ಅದು ಲೇಪನದ ಮೇಲೆ ಕುಳಿತು ಡಬ್ಬಿಯನ್ನು ನಿಷ್ಪ್ರಯೋಜಕ ಮಾಡುತ್ತಿತ್ತು. ಸೀಸವಿಲ್ಲದ ಪೆಟ್ರೋಲು ಬಂದ ಮೇಲೆ, 1975ರ ಮಾದರಿಗಳಿಂದ, ಅಮೆರಿಕದ ಕಾರುಗಳಲ್ಲಿ ಇದು ಸಾಮಾನ್ಯವಾಯಿತು. ನಮ್ಮಲ್ಲಿ 1995ರ ಏಪ್ರಿಲಿನಿಂದ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಲ್ಲಿ ಹೊಸ ಪೆಟ್ರೋಲು ಕಾರುಗಳಿಗೆ ಕಡ್ಡಾಯ ಮಾಡಿದರು. 2000ದ ಹೊತ್ತಿಗೆ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲು ದೊರೆಯಿತು.

ಇನ್ನು ಬೆಲೆಯ ಮಾತು. ರೋಡಿಯಮ್ ಲೋಹವನ್ನು 1804ರಲ್ಲಿ ಕಂಡು ಲೋಕಕ್ಕೆ ತಿಳಿಸಿದವನು ಇಂಗ್ಲೆಂಡಿನ ವಿಲಿಯಂ ಹೈಡ್ ವೊಲಾಸ್ಟನ್. ಅದರ ಲವಣಗಳು ಗುಲಾಬಿ ಬಣ್ಣದವಾದ್ದರಿಂದ ಗ್ರೀಕರ ಗುಲಾಬಿಯ ಹೆಸರನ್ನೇ ಇಟ್ಟನು. ಇಂದು ಇದರ ಬಹುಪಾಲು ದಕ್ಷಿಣ ಆಫ್ರಿಕದ ಗಣಿಗಳಿಂದ ಬರಬೇಕು, ಅಲ್ಲಿಯೂ ಪ್ಲಾಟಿನಮ್ಮಿನ ಜೊತೆಗೆ ಅಷ್ಟಿಷ್ಟು ಮಾತ್ರ. ಹೊಗೆಯ ಕಟ್ಟಳೆಗಳು ಎಲ್ಲ ದೇಶಗಳಲ್ಲಿಯೂ ಬಿಗಿಯಾದವು, ಬೇಡಿಕೆ ಏರಿತು, ಗಣಿ ಮಾತ್ರ ಇದ್ದಷ್ಟೇ ಇತ್ತು. 2016ರಲ್ಲಿ ಔನ್ಸಿಗೆ ಸಾವಿರ ಡಾಲರಿಗಿಂತ ಕೆಳಗಿದ್ದ ರೋಡಿಯಮ್ 2021ರ ಮಾರ್ಚಿಯಲ್ಲಿ 29 ಸಾವಿರದ ಹತ್ತಿರಕ್ಕೆ ಹಾರಿತು. ಅಂದಿನ ಚಿನ್ನದ ಬೆಲೆಯ ಹದಿನೈದು ಪಟ್ಟಿಗೂ ಹೆಚ್ಚು! ಬೀದಿಯಲ್ಲಿ ಚಿನ್ನದ ಸರವನ್ನು ತೂಗುಹಾಕಿ ಮಲಗುವವರಿಲ್ಲ. ಕಾರಿನ ಅಡಿಯಲ್ಲಿ ತೂಗುಹಾಕಿ ಎಲ್ಲರೂ ಮಲಗಿದ್ದೆವು.

ಕಳ್ಳರು ಬೆಲೆಪಟ್ಟಿಯನ್ನು ನಮಗಿಂತ ಮೊದಲೇ ಓದಿದರು. ಅಮೆರಿಕದ ರಾಷ್ಟ್ರೀಯ ವಿಮಾ ಅಪರಾಧ ಸಂಸ್ಥೆಯ ಲೆಕ್ಕದಂತೆ 2018ರಲ್ಲಿ ಇಂಥ ಕಳವಿನ ಬಗ್ಗೆ ಬಂದ ವಿಮಾ ಬೇಡಿಕೆಗಳು 1,298, 2020ರಲ್ಲಿ 14,433, 2022ರ ವೇಳೆಗೆ 60 ಸಾವಿರವನ್ನೂ ದಾಟಿದವು. ಲಂಡನ್ನಿನಲ್ಲಿ ಟೊಯೋಟ ಪ್ರಿಯಸ್ ಗಾಡಿಗಳಿಗೆ ಹೆಚ್ಚಿನ ಕಾಟ. ಅದು ಅರ್ಧ ವಿದ್ಯುತ್ತಿನಲ್ಲಿ ಓಡುವುದರಿಂದ ಡಬ್ಬಿ ಬೇಗ ಸವೆಯುವುದಿಲ್ಲವೆಂಬುದನ್ನು ಕಳ್ಳರು ಕಲಿತಿದ್ದರು. ಮೃಚ್ಛಕಟಿಕದ ಶರ್ವಿಲಕ ಕನ್ನ ಹಾಕುವ ಗೋಡೆಯನ್ನು ಯಜ್ಞೋಪವೀತದಿಂದ ಅಳೆದವನು. ಅವನ ಸಂತತಿಗೆ ಶಾಸ್ತ್ರಜ್ಞಾನದ ಕೊರತೆ ಎಂದೂ ಇಲ್ಲ.

ನಮ್ಮ ದೇಶದಲ್ಲಿ ಈ ಹೊಡೆತ ಬಿದ್ದದ್ದು ಮುಖ್ಯವಾಗಿ ಈಕೋ ವ್ಯಾನುಗಳ ಮೇಲೆ. ಗುಜರಾತು, ಮಹಾರಾಷ್ಟ್ರಗಳಲ್ಲಿ ಇವುಗಳ ಸೈಲೆನ್ಸರು ಕದಿಯುವ ತಂಡಗಳನ್ನು ಪೊಲೀಸರು ಮತ್ತೆ ಮತ್ತೆ ಹಿಡಿದಿದ್ದಾರೆ. ಈ ವ್ಯಾನನ್ನು ಇಟ್ಟುಕೊಂಡವರು ಯಾರು? ಶಾಲೆಗೆ ಮಕ್ಕಳನ್ನು ಕರೆದೊಯ್ಯುವವರು, ಹಾಲು ತರಕಾರಿ ಸಾಗಿಸುವವರು, ಸಾಲದ ಕಂತು ಕಟ್ಟುತ್ತಿರುವವರು. ಕಳ್ಳನಿಗೆ ಸಿಗುವ ಹಣ ಸ್ವಲ್ಪ. ಹೊಸ ಡಬ್ಬಿಗೆ ಮಾಲಿಕ ತೆರಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚು. ಅದು ಬರುವ ತನಕ ದುಡಿಮೆಯೂ ನಿಂತಿತು.

ತಡೆಯುವುದು ಹೇಗೆ? ಗಾಡಿಯನ್ನು ಬೆಳಕಿರುವಲ್ಲಿ, ಗೋಡೆಗೆ ಒತ್ತಿ ನಿಲ್ಲಿಸುವುದು. ಡಬ್ಬಿಯ ಬೋಲ್ಟುಗಳಿಗೆ ವೆಲ್ಡಿಂಗ್ ಮಾಡಿಸುವುದು ಅಥವಾ ಕೆಳಗೆ ಉಕ್ಕಿನ ತಗಡು ಹೊದಿಸುವುದು. ಗಾಡಿಯ ನಂಬರನ್ನು ಡಬ್ಬಿಯ ಮೇಲೆ ಕೊರೆಸುವುದು. ಕೊನೆಯದು ಅಗ್ಗದ ಉಪಾಯ, ನನ್ನ ಮಟ್ಟಿಗೆ ಉತ್ತಮವೂ ಹೌದು. ಸಾಮಾನ್ಯವಾಗಿ ಈ ಡಬ್ಬಿಗಳ ಮೇಲೆ ಯಾವ ಗಾಡಿಯದೆಂದು ಹೇಳುವ ಗುರುತಿರುವುದಿಲ್ಲ. ಸಿಕ್ಕ ಮಾಲು ತನ್ನದೆಂದು ಯಾರು ಸಾಧಿಸಬೇಕು?

ನಿಜವಾದ ಬೀಗ ಬೀಳಬೇಕಾದದ್ದು ಗುಜರಿ ಅಂಗಡಿಗೆ. ಲೋಹವನ್ನು ಬೇರ್ಪಡಿಸುವ ಶಕ್ತಿ ರಾತ್ರಿ ಸ್ಪಾನರು ಹಿಡಿದು ಬರುವವನಿಗಿಲ್ಲ, ಕೊಳ್ಳುವವನಿದ್ದರೆ ಮಾತ್ರ ಅವನ ಆಟ ನಡೆದೀತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2013ರ ಕಾಯಿದೆ ಗುಜರಿ ವ್ಯಾಪಾರಿಗಳು ನಗದು ಕೊಟ್ಟು ಕೊಳ್ಳುವುದನ್ನು ನಿಷೇಧಿಸಿದೆ. ಕ್ಯಾಲಿಫೋರ್ನಿಯದಲ್ಲಿ 2023ರಿಂದ ಡಬ್ಬಿಯನ್ನು ಮಾಲಿಕನಿಂದ ಅಥವಾ ಪರವಾನಗಿಯುಳ್ಳ ಕಸಬಿನವರಿಂದ ಮಾತ್ರ ಕೊಳ್ಳಬಹುದು. ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಕದ್ದ ಮಾಲೆಂದು ತಿಳಿದು ಕೊಳ್ಳುವವನಿಗೆ 317ನೆಯ ಕಲಮಿನಂತೆ ಶಿಕ್ಷೆಯುಂಟು. ಇಷ್ಟರಲ್ಲಿ ಬೆಲೆಯೂ ಇಳಿಯಿತು. 2023ರ ಕೊನೆಗೆ ರೋಡಿಯಮ್ ಐದು ಸಾವಿರ ಡಾಲರಿನ ಕೆಳಗೆ ಬಂದಿತ್ತು. ಬೆಲೆ ಮತ್ತೆ ಏರಿದರೆ ಸ್ಪಾನರೂ ಮತ್ತೆ ಏಳುತ್ತದೆ.

ಬೆಳಗ್ಗೆ ಕೀಲಿ ತಿರುಗಿಸಿದೊಡನೆ ಗಾಡಿ ಟ್ರಾಕ್ಟರಿನಂತೆ ಅಬ್ಬರಿಸಿದರೆ ಕೂಡಲೆ ಎಂಜಿನ್ ನಿಲ್ಲಿಸಿ ಕೆಳಗೆ ಬಗ್ಗಿ ನೋಡಬೇಕು. ನಳಿಗೆ ತುಂಡಾಗಿದ್ದರೆ ಹಾಗೆಯೇ ಓಡಿಸಬಾರದು. ವಿಷದ ಹೊಗೆ ಕುಳಿತವರ ಅಡಿಯಲ್ಲೇ ಹೊರಬೀಳುತ್ತಿರುತ್ತದೆ. ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿಯನ್ನು ಪಡೆದುಕೊಳ್ಳಿ. ಮೂರನೆಯವರ ಹಾನಿಗೆ ಮಾತ್ರ ಮಾಡಿಸಿದ ವಿಮೆ ಇದಕ್ಕೆ ಒಂದು ಕಾಸನ್ನೂ ಕೊಡದು.

ಹಳೆಯ ಗಾಡಿ ಕೊಳ್ಳುವವರಿಗೆ ಇನ್ನೊಂದು ಮಾತು. ಡಬ್ಬಿಯೊಳಗಿನ ದಿಂಡನ್ನಷ್ಟೇ ತೆಗೆದು ಖಾಲಿ ಚಿಪ್ಪನ್ನು ಮತ್ತೆ ಕೂಡಿಸಿಬಿಟ್ಟಿರಲೂ ಸಾಧ್ಯ. ಎಂಜಿನ್ ಆರಿ ತಣ್ಣಗಾದ ಮೇಲೆ ರಬ್ಬರು ಸುತ್ತಿಗೆಯಿಂದ ಮೆಲ್ಲನೆ ತಟ್ಟಿಸಿ ಕೇಳಿರಿ. ತುಂಬಿದ್ದರೆ ಮಂದವಾದ ಸದ್ದು, ಒಡೆದಿದ್ದರೆ ಗಲಗಲ, ಏನೂ ಇಲ್ಲದಿದ್ದರೆ ಖಾಲಿ ಡಬ್ಬದ ಪೊಳ್ಳು ದನಿ.