ಸ್ಕ್ರೂ ಹಾಕಿದ್ರೆ ಹಲ್ಲಾಗುತ್ತಾ?

ಎರಡನೇ ಸೆಮಿಸ್ಟರ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಡ್ತಿದ್ದಾಗ ಸೀನಿಯರ್ ಒಬ್ಬರ ಮೊಣಕೈ ಬಡಿದು, ನನ್ನ ಮೇಲಿನ ಮುಂದಿನ ಹಲ್ಲೊಂದು ಬೇರು ಸಮೇತ ಕಿತ್ತು ಕೋರ್ಟ್ ಮೇಲೆ ಬಿತ್ತು. ರೂಮ್‌ಮೇಟ್ ಪಾಪ, ಒಳ್ಳೇ ಮನಸ್ಸಿನಿಂದಲೇ ಅದನ್ನ ಎತ್ಕೊಂಡು, ನಲ್ಲಿ ಕೆಳಗೆ ಸೋಪು ಹಾಕಿ ತಿಕ್ಕಿ, ಟಿಶ್ಯೂನಲ್ಲಿ ಸುತ್ತಿ ಜೇಬಿಗೆ ಹಾಕ್ಕೊಂಡ. ಹಲ್ಲಿನ ಡಾಕ್ಟರ್ ಹತ್ರ ಹೋಗುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಅವರು ಕೇಳಿದ ಮೊದಲ ಪ್ರಶ್ನೆ: "ಯಾರಪ್ಪಾ ಇದನ್ನ ತಿಕ್ಕಿದ್ದು?"

ಹಲ್ಲಿನ ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿರಲ್ಲ. ಎರಡರ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರ ಇರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಡ್ಯಾಂಪರ್ರೂ ಹೌದು, ಸೆನ್ಸರ್ರೂ ಹೌದು. ಮೆಸ್ ಅನ್ನದಲ್ಲಿ ಕಲ್ಲು ಸಿಕ್ಕ ತಕ್ಷಣ ದವಡೆ ತಾನಾಗೇ ನಿಲ್ಲೋದಕ್ಕೆ ಮುಖ್ಯ ಕಾರಣ ಅದರಲ್ಲಿರುವ ನರಗಳು. ಹಲ್ಲು ಕಿತ್ತು ಬಿದ್ದಾಗ ಈ ಪದರದ ಜೀವಕೋಶಗಳು ಬೇರಿನ ಮೇಲೆ ಇನ್ನೂ ಜೀವಂತ ಇರ್ತವೆ. ಒಣಗೋಕೆ ಬಿಟ್ರೆ ಒಂದು ಗಂಟೆಯೊಳಗೆ ಬಹುಪಾಲು ಸತ್ತುಹೋಗ್ತವೆ. ನನ್ನ ಗೆಳೆಯ ತಿಕ್ಕಿ ತೆಗೆದಿದ್ದು ಇವನ್ನೇ.

ಅದಕ್ಕೇ ಇದೊಂದನ್ನ ನೆನಪಿಟ್ಕೊಳ್ಳಿ. ಹಲ್ಲನ್ನ ಬೇರಿನ ಕಡೆ ಮುಟ್ಟದೆ, ಹೊಳೆಯುವ ಭಾಗದಲ್ಲಿ ಹಿಡೀಬೇಕು. ಮಣ್ಣಾಗಿದ್ರೆ ಕ್ಷಣಕಾಲ ನೀರಲ್ಲಿ ತೊಳೆದು, ಅದು ಇದ್ದ ಗುಂಡಿಗೇ ವಾಪಸ್ ಕೂರಿಸಿ, ಕರ್ಚೀಫ್ ಕಚ್ಕೊಂಡು ಡಾಕ್ಟರ್ ಹತ್ರ ಓಡಬೇಕು. ಕೂರಿಸೋಕೆ ಧೈರ್ಯ ಸಾಲದಿದ್ರೆ ತಣ್ಣನೆ ಹಾಲಲ್ಲಿ ಹಾಕ್ಕೊಂಡು ಹೋಗಿ. ನೀರಲ್ಲಿ ನೆನೆಸಿಡಬಾರದು. ಹಾಲುಹಲ್ಲಿಗೆ ಇದು ಅನ್ವಯಿಸಲ್ಲ. ಮನೇಲಿ ಪುಟ್ಟ ತಮ್ಮ-ತಂಗಿ ಇದ್ರೆ ಗೊತ್ತಿರಲಿ.

ತಡವಾಗಿದ್ರೂ ಡಾಕ್ಟರ್ ನನ್ನ ಹಲ್ಲನ್ನ ವಾಪಸ್ ಕೂರಿಸಿ, ಪಕ್ಕದ ಹಲ್ಲುಗಳಿಗೆ ತಂತಿ ಕಟ್ಟಿ, ರೂಟ್ ಕೆನಾಲ್ ಮಾಡಿದ್ರು. "ಇದು ಶಾಶ್ವತ ಅಲ್ಲ, ನಿನಗೆ ಟೈಮ್ ಕೊಡುತ್ತೆ ಅಷ್ಟೇ" ಅಂದ್ರು. ನಾರಿನ ಪದರ ಇಲ್ಲದ ಬೇರು ಮೂಳೆಗೇ ಬೆಸೆದುಕೊಂಡಿತು. ಕನ್ನಡಿಯ ಹಿಡಿಯಿಂದ ತಟ್ಟಿದ್ರೆ ಪಕ್ಕದ ಹಲ್ಲು ಮಂದವಾಗಿ ಸದ್ದು ಮಾಡೋದು, ನನ್ನದು ಲೋಹದ ಥರ ಟಣ್ ಅನ್ನೋದು. ಡ್ಯಾಂಪರ್ ಹೋಗಿರೋದು ಕಿವಿಗೇ ಗೊತ್ತಾಗುತ್ತೆ! ಆಮೇಲೆ ದೇಹ ಆ ಬೇರನ್ನ ನಿಧಾನವಾಗಿ ಕರಗಿಸಿ, ಆ ಜಾಗದಲ್ಲಿ ಮೂಳೆ ತುಂಬುತ್ತಾ ಬಂತು. ಈಗ ಏಳನೇ ಸೆಮ್‌ನಲ್ಲಿ ಹಲ್ಲು ತೆಗೆಸಿ ಇಂಪ್ಲಾಂಟ್ ಹಾಕಿಸ್ಕೊಂಡಿದ್ದೀನಿ.

"ಮೊದಲೇ ಹಾಕಿಸ್ಬೋದಿತ್ತಲ್ಲ ಮಗಾ, ಒಂದು ಸ್ಕ್ರೂ ತಾನೇ?" ಅಂತ ಕ್ಲಾಸಲ್ಲಿ ಎಲ್ಲರೂ ಕೇಳಿದ್ರು. ಸ್ಕ್ರೂ ಹೌದು, ಟೈಟಾನಿಯಂ ಸ್ಕ್ರೂ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತೆ ಅಂತ ನೋಡೋಕೆ ಟೈಟಾನಿಯಂನ ಪುಟ್ಟ ಉಪಕರಣ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ನೋಡಿದ್ರೆ ಅದು ಹೊರಗೇ ಬರಲಿಲ್ಲ, ಮೂಳೆ ಹಿಡ್ಕೊಂಡಿತ್ತು. 1965ರಲ್ಲಿ ಮೊದಲ ರೋಗಿಯ ದವಡೆಗೆ ಕೂರಿಸಿದ ಇಂಪ್ಲಾಂಟ್‌ಗಳು ಅವರ ಜೀವನಪೂರ್ತಿ, 40 ವರ್ಷ, ಬಾಳಿದವು. ಟೈಟಾನಿಯಂ ಮೇಲೆ ತಾನಾಗೇ ಕೂರುವ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರದಿಂದಾಗಿ ಮೂಳೆ ಅದನ್ನ ದೂರ ತಳ್ಳೋದಿಲ್ಲ.

ಹಾಗಾದ್ರೆ ತಡ ಯಾಕೆ? ಇಂಪ್ಲಾಂಟ್‌ಗೂ ಆ 0.2 ಮಿಲಿಮೀಟರ್ ಪದರ ಇಲ್ಲ, ಅದಕ್ಕೆ. ನಿಜವಾದ ಹಲ್ಲುಗಳು ದವಡೆ ಬೆಳೆದಂತೆ ಅದರ ಜೊತೆಗೇ ಕೆಳಗಿಳೀತವೆ. ಮೂಳೆಗೆ ಬೆಸೆದುಕೊಂಡಿದ್ದು ಇದ್ದಲ್ಲೇ ನಿಲ್ಲುತ್ತೆ. 18ಕ್ಕೇ ಹಾಕಿಸಿದ್ರೆ ಕೆಲವು ವರ್ಷದಲ್ಲಿ ಅದೊಂದೇ ಗಿಡ್ಡವಾಗಿ ಕಾಣೋ ಅಪಾಯ ಇತ್ತು, ಅದರಲ್ಲೂ ಹುಡುಗರಲ್ಲಿ ಬೆಳವಣಿಗೆ ನಿಲ್ಲೋದು ತಡ.

ಮುಂದಿನ ಹಲ್ಲಲ್ಲಿ ಇನ್ನೊಂದು ತಾಪತ್ರಯ. ತುಟಿ ಕಡೆಯ ಮೂಳೆಯ ಗೋಡೆ ಬಹಳ ಜನರಲ್ಲಿ 1 ಮಿಲಿಮೀಟರ್‌ಗಿಂತ ತೆಳು. ಅದಕ್ಕೆ ರಕ್ತ ಪೂರೈಕೆಯ ದೊಡ್ಡ ಪಾಲು ಆ ನಾರಿನ ಪದರದಿಂದಲೇ. ಹಲ್ಲು ಹೋದ್ರೆ ಗೋಡೆ ಕರಗುತ್ತೆ, ಒಸಡು ಮೇಲೆ ಸರಿಯುತ್ತೆ, ನಕ್ಕರೆ ಬೂದುಬಣ್ಣದ ಲೋಹ ಇಣುಕುತ್ತೆ. ನನಗೆ ಸ್ಕ್ಯಾನ್ ಮಾಡಿ, ಸ್ಕ್ರೂವನ್ನ ಸ್ವಲ್ಪ ಅಂಗುಳದ ಕಡೆಗೆ ಕೂರಿಸಿ, ಮುಂದಿನ ಸಂದಿಗೆ ಮೂಳೆಪುಡಿ ತುಂಬಿದ್ರು. ಮುಂದಿನ ಹಲ್ಲಿನ ಮೇಲೆ ಲೋಡ್ ಓರೆಯಾಗಿ ಬೀಳುತ್ತೆ, ಅಂದ್ರೆ ಬೆಂಡಿಂಗ್ ಮೊಮೆಂಟ್. ಟೈಟಾನಿಯಂನ ಇಲಾಸ್ಟಿಕ್ ಮಾಡ್ಯುಲಸ್ ಸುಮಾರು 110 ಗಿಗಾಪಾಸ್ಕಲ್, ದವಡೆಯ ಗಟ್ಟಿಮೂಳೆಯದು 20ರ ಒಳಗೆ. ನಡುವೆ ಕುಷನ್ ಇಲ್ಲ, ಒತ್ತಡವೆಲ್ಲ ಸ್ಕ್ರೂವಿನ ಕುತ್ತಿಗೆ ಸುತ್ತ ಸೇರುತ್ತೆ. ಅದಕ್ಕೇ ಮೇಲೆ ಕೂರಿಸುವ ಕ್ಯಾಪ್ ಎದುರು ಹಲ್ಲಿಗೆ ಗಟ್ಟಿಯಾಗಿ ತಾಗದ ಹಾಗೆ ಹೊಂದಿಸ್ತಾರೆ.

ಮೂಳೆ ಹಿಡಿಯೋಕೆ ಮೂರರಿಂದ ಆರು ತಿಂಗಳು ಬೇಕು. ಸಿಗರೇಟ್ ಸೇದಿದ್ರೆ ಇಂಪ್ಲಾಂಟ್ ಸೋಲೋ ಸಾಧ್ಯತೆ ಜಾಸ್ತಿ, ಹಾಸ್ಟೆಲ್ ಹಿಂದಿನ ಗೋಡೆ ಹತ್ರ ನಿಲ್ಲೋರು ಕೇಳಿಸ್ಕೊಳ್ಳಿ. ನನಗೀಗ ಮೂರನೇ ತಿಂಗಳು. ಅಲ್ಲಿವರೆಗೂ ತೆಗೆದು ಹಾಕೋ ಪ್ಲೇಟ್ ಹಲ್ಲು. ಮೊನ್ನೆ ವೈವಾದಲ್ಲಿ 'ಸ್ಟ್ರೆಸ್' ಅನ್ನೋಕೆ ಹೋಗಿ ಬರೀ ಗಾಳಿ ಬಂತು.

ರೂಮ್‌ಮೇಟ್ ಮಾತ್ರ ಈಗ ಪ್ರತಿ ಮ್ಯಾಚಿಗೂ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ತರ್ತಾನೆ. ಇದುವರೆಗೂ ಯಾರ ಹಲ್ಲೂ ಬಿದ್ದಿಲ್ಲ. ಮ್ಯಾಚ್ ಮುಗಿದ ಮೇಲೆ ಕಾಫಿ ಮಾಡ್ಕೊಂಡು ಕುಡೀತೀವಿ.