ಬಟ್ಟೆ ನಮ್ಮ ಮೈಗೆ ಹೊಂದಬೇಕು, ಮೈ ಬಟ್ಟೆಗಲ್ಲ

ಪೆರ್ನಾಲ್ ಹತ್ತಿರ ಬಂತೆಂದರೆ ಹಂಪನಕಟ್ಟೆಯಿಂದ ಸ್ಟೇಟ್‌ಬ್ಯಾಂಕ್‌ವರೆಗೆ, ಅತ್ತ ಬಿ.ಸಿ. ರೋಡ್, ಪುತ್ತೂರು, ಉಪ್ಪಿನಂಗಡಿ ಪೇಟೆಗಳಲ್ಲೂ ಬಟ್ಟೆ ಅಂಗಡಿಯೊಳಗೆ ಕಾಲಿಡಲು ಜಾಗ ಇರುವುದಿಲ್ಲ. ಪೆರ್ನಾಲ್ ಮುಗಿಯಿತು ಎನ್ನುವಷ್ಟರಲ್ಲಿ ಮದುವೆಗಳು ಶುರು. ಮನೆಯಲ್ಲಿ ಆರು ಮಂದಿ ಇದ್ದರೆ ಆರು ಮಂದಿಗೂ ಹೊಸತು ಆಗಬೇಕು. ಹೀಗೆ ನಾವು ದುಡ್ಡು ಸುರಿದು ತಂದ ಬಟ್ಟೆಗಳಲ್ಲಿ ಎಷ್ಟು ಎರಡನೇ ಸಲ ಮೈಮೇಲೆ ಬರ್ತದೆ? ಕಪಾಟಿನ ಬಾಗಿಲು ತೆರೆದರೆ ಉತ್ತರ ಅಲ್ಲೇ ಉಂಟು. ಕಂಕುಳಲ್ಲಿ ಬಿಗಿಯುವುದು, ಕುತ್ತಿಗೆ ತುರಿಸುವುದು, ನಡೆದರೆ ಕಾಲಿಗೆ ತೊಡರುವುದು, ಹಾಕಿದರೆ ಮುಖ ಬಾಡಿದಂತೆ ಕಾಣುವುದು, ಎಲ್ಲ ಒಂದರ ಮೇಲೊಂದು ಮಡಚಿ ಕುಳಿತಿರುತ್ತವೆ.

ದುಡ್ಡು ಹೋದದ್ದು ಒಂದು ಕಡೆ. ಅದಕ್ಕಿಂತ ದೊಡ್ಡ ನಷ್ಟ ಅಂಗಡಿಯ ಕೌಂಟರ್ ಮುಂದೆ ಆಗುತ್ತದೆ. ಮಗಳು ಒಂದು ಬಣ್ಣಕ್ಕೆ ಕೈ ಹಾಕಿದ ಕೂಡಲೇ, “ಅದು ಬೇಡ, ನೀನು ಸ್ವಲ್ಪ ಕಪ್ಪಲ್ವಾ, ನಿನಗೆ ಆಗ್ಲಿಕ್ಕಿಲ್ಲ” ಎಂದು ಬಿಡುತ್ತೇವೆ. “ಇವಳಿಗೆ ಯಾವ ಸೈಜೂ ಆಗುವುದಿಲ್ಲ ಮಾರಾಯ್ರೇ” ಎಂದು ಸೇಲ್ಸ್‌ನ ಹುಡುಗನ ಎದುರೇ ನಗುತ್ತೇವೆ. ಹೇಳಿದವರಿಗೆ ಅದು ಮನೆಗೆ ಬರುವಷ್ಟರಲ್ಲಿ ಮರೆತಿರುತ್ತದೆ. ಕೇಳಿದ ಮಗಳಿಗೆ ಮರೆಯುವುದಿಲ್ಲ. ಮತ್ತೆ ಆಕೆ ಬಟ್ಟೆ ಆರಿಸುವುದು ಚಂದ ಕಾಣಲಿಕ್ಕಲ್ಲ, ಅಡಗಿಕೊಳ್ಳಲಿಕ್ಕೆ. ಆದ್ದರಿಂದ ಈ ವಿಷಯವನ್ನು ನಾವು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಅಂದವಾಗಿ ಉಡುವುದಕ್ಕೂ ಮೈ ಮುಚ್ಚಿ ಉಡುವುದಕ್ಕೂ ಜಗಳ ಇಲ್ಲ. ಖುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯವು ಉಡುಪನ್ನು ಮೈ ಮುಚ್ಚುವುದಕ್ಕೂ ಅಲಂಕಾರಕ್ಕೂ ಎಂದು ಎರಡನ್ನೂ ಒಟ್ಟಿಗೇ ಹೇಳುತ್ತದೆ.

ನಂಬರ್ ಹೇಳುವುದೇನು?

ಬುರ್ಖಾ, ಅಬಾಯಾ ಕೊಳ್ಳುವಾಗ 52, 54, 56, 58 ಎಂಬ ನಂಬರ್ ಕೇಳುತ್ತೇವೆ. ಆ ನಂಬರ್ ಉದ್ದದ್ದು. ಹೆಗಲಿನಿಂದ ಅಂಚಿನವರೆಗೆ ಅಷ್ಟು ಇಂಚು ಎಂದರ್ಥ. ಎದೆ, ಹೆಗಲು, ತೋಳಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಗಿಡ್ಡ ಇದ್ದು ಸ್ವಲ್ಪ ದಪ್ಪ ಇರುವವರು ಎದೆಗೆ ಸರಿಯಾಗಲಿ ಎಂದು 58 ತರುತ್ತಾರೆ, ಮತ್ತೆ ನಾಲ್ಕು ಇಂಚು ಅಂಚು ಮಡಚಿ ಹೊಲಿಸುತ್ತಾರೆ. ಹೆಗಲಿನ ಹೊಲಿಗೆ ತೋಳಿಗೆ ಇಳಿದು, ಮೈ ಇರುವುದಕ್ಕಿಂತಲೂ ದಪ್ಪ ಕಾಣುತ್ತದೆ. ತಪ್ಪು ಮೈಯದ್ದಲ್ಲ, ಅಳತೆಯದ್ದು.

ರೆಡಿಮೇಡ್ ಬಟ್ಟೆಯ ಎಂ, ಎಲ್, ಎಕ್ಸೆಲ್ ಕೂಡ ಹಾಗೆಯೇ. ಒಂದು ಕಂಪೆನಿಯ ಎಲ್ ಇನ್ನೊಂದರ ಎಂ ಆಗಿರುತ್ತದೆ. ನಮ್ಮ ದೇಶದ ಮಾರುಕಟ್ಟೆಯಲ್ಲಿ ಬಹಳ ಕಾಲ ನಡೆದದ್ದು ಅಮೆರಿಕ, ಬ್ರಿಟನ್‌ನವರ ಅಳತೆಯನ್ನು ತಿದ್ದಿ ಬಳಸುವ ಪದ್ಧತಿ. ಭಾರತೀಯರ ಮೈಗೆ ತನ್ನದೇ ಅಳತೆ ಪಟ್ಟಿ ಬೇಕೆಂದು ಕೇಂದ್ರ ಜವಳಿ ಸಚಿವಾಲಯದ ನೆರವಿನಲ್ಲಿ ನಿಫ್ಟ್ ಸಂಸ್ಥೆ ‘ಇಂಡಿಯಾ ಸೈಜ್’ ಎಂಬ ಸಮೀಕ್ಷೆಯನ್ನು ಕೈಗೆತ್ತಿಕೊಂಡಿತು. ಬೆಂಗಳೂರು ಸೇರಿ ಆರು ನಗರಗಳಲ್ಲಿ 15ರಿಂದ 65 ವರ್ಷದೊಳಗಿನ 25,000ಕ್ಕೂ ಹೆಚ್ಚು ಮಂದಿಯನ್ನು ಸ್ಕ್ಯಾನರಿನಿಂದ ಅಳೆಯುವುದು ಅದರ ಯೋಜನೆ. ಅಂದರೆ ಅಂಗಡಿಯ ಲೇಬಲ್ ನಮ್ಮ ಮೈ ನೋಡಿ ಬರೆದದ್ದಲ್ಲ ಎಂಬುದು ಸರಕಾರಕ್ಕೂ ಗೊತ್ತಿರುವ ವಿಷಯ. ಹಾಗಿರುವಾಗ ಲೇಬಲ್‌ನ ಒಂದು ಅಕ್ಷರ ನೋಡಿ ಮನೆಯ ಹೆಣ್ಣುಮಕ್ಕಳು ಯಾಕೆ ಬೇಸರ ಮಾಡಿಕೊಳ್ಳಬೇಕು?

ಮನೆಯಲ್ಲಿ ಒಂದು ಟೇಪ್ ಇರಲಿ. ಹೆಗಲಿನ ಅಗಲ, ಎದೆ, ಸೊಂಟ, ತೋಳಿನ ಉದ್ದ, ಹೆಗಲಿನಿಂದ ಪಾದದ ಗಂಟಿನವರೆಗಿನ ಉದ್ದ, ಈ ಐದನ್ನು ಬರೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಉದ್ದ ಅಳೆಯುವಾಗ ದಿನಾ ಹಾಕುವ ಚಪ್ಪಲಿ ಕಾಲಲ್ಲಿರಲಿ. ಗಲ್ಫ್‌ನಲ್ಲಿರುವವರಿಗೆ “ಒಂದು ಅಬಾಯಾ ತನ್ನಿ” ಎಂದು ಹೇಳುವಾಗಲೂ ಈ ಐದು ಅಳತೆ ಕಳಿಸಿದರೆ ತಂದದ್ದು ಕಪಾಟಿನಲ್ಲಿ ಕೂರುವುದಿಲ್ಲ.

ಮೈಕಟ್ಟಿಗೆ ಹೊಂದುವ ಹೊಲಿಗೆ

ಸಡಿಲ ಎಂದರೆ ಗೋಣಿಚೀಲ ಎಂದಲ್ಲ. ಹೆಗಲು ಸರಿಯಾಗಿ ಕುಳಿತರೆ ಕೆಳಗೆ ಎಷ್ಟು ಸಡಿಲ ಇದ್ದರೂ ಬಟ್ಟೆ ಅಂದ ಕಾಣುತ್ತದೆ. ಎದೆ, ಹೊಟ್ಟೆಯನ್ನು ಟೈಲರ್ ಬಿಚ್ಚಿ ಸರಿ ಮಾಡಬಹುದು. ಹೆಗಲು ತಪ್ಪಿದರೆ ಅದು ದೊಡ್ಡ ಕೆಲಸ. ಆದ್ದರಿಂದ ಮೊದಲು ನೋಡಬೇಕಾದದ್ದು ಹೆಗಲಿನ ಹೊಲಿಗೆ.

ದಪ್ಪ ಮೈಯವರಿಗೆ ಹೆಗಲಿನಿಂದ ನೇರವಾಗಿ ಇಳಿದು ಕೆಳಗೆ ನಿಧಾನವಾಗಿ ಅಗಲವಾಗುವ ಹೊಲಿಗೆ ಹಿತ. ಕ್ರೇಪ್‌ನಂತೆ ಜೋತು ಬೀಳುವ ಬಟ್ಟೆ ಅವರಿಗೆ ಒಳ್ಳೆಯದು, ಗಂಜಿ ಹಾಕಿದಂತೆ ಗಡುಸಾಗಿ ನಿಲ್ಲುವುದು ಮೈಯನ್ನು ಇನ್ನೂ ಅಗಲ ಮಾಡುತ್ತದೆ. ಚಿಟ್ಟೆಯ ರೆಕ್ಕೆಯಂತಹ ಬಟರ್‌ಫ್ಲೈ ಹೊಲಿಗೆಯೂ ಪಕ್ಕಕ್ಕೆ ಅಗಲ ಕೂಡಿಸುತ್ತದೆ. ಹಾಗಾಗಿ ಅದು ತೆಳ್ಳಗೆ, ಎತ್ತರ ಇರುವವರಿಗೆ ಹೆಚ್ಚು ಒಪ್ಪುತ್ತದೆ. ತೀರ ತೆಳ್ಳಗಿರುವವರಿಗೆ ನೆರಿಗೆ, ಮೇಲೊಂದು ಕೋಟು, ಸ್ವಲ್ಪ ಗಡುಸಾದ ಹತ್ತಿ ಚಂದ. ಗಿಡ್ಡ ಇರುವವರು ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣ ಹಾಕಿದರೆ ಎತ್ತರ ಕಾಣುತ್ತಾರೆ. ನಡುವೆ ಅಗಲವಾದ ಬಾರ್ಡರ್ ಬಂದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಅಂಚು ನೆಲಕ್ಕೆ ತಾಗದೆ ಒಂದು ಇಂಚು ಮೇಲೆ ಇರಲಿ. ಬಸ್ಸಿನ ಮೆಟ್ಟಿಲು ಹತ್ತುವಾಗ, ಮಳೆಗಾಲದ ರಸ್ತೆಯಲ್ಲಿ ನಡೆಯುವಾಗ ಇದರ ಬೆಲೆ ಗೊತ್ತಾಗ್ತದೆ.

ಹಾಕಿ ನೋಡುವಾಗ ಕನ್ನಡಿ ಮುಂದೆ ಸುಮ್ಮನೆ ನಿಂತರೆ ಸಾಲದು. ಕೈ ಮೇಲೆತ್ತಿ, ಬಗ್ಗಿ, ಕುಳಿತು, ನಾಲ್ಕು ಹೆಜ್ಜೆ ನಡೆದು ನೋಡಬೇಕು. ವುಳೂ ಮಾಡಲು ತೋಳು ಮೊಣಕೈವರೆಗೆ ಸರಿಯುತ್ತದೋ ಎಂದೂ ನೋಡಿ. ಮಗುವಿಗೆ ಹಾಲು ಕೊಡುವ ತಾಯಂದಿರಿಗೆ ಮುಂದೆ ಜಿಪ್ ಇರುವುದು, ಮೊಣಕಾಲು ಬೆರಳು ನೋವಿನ ಹಿರಿಯರಿಗೆ ತಲೆಯ ಮೇಲಿಂದ ಎಳೆಯಬೇಕಿಲ್ಲದ, ಮುಂದೆ ತೆರೆಯುವ ದೊಡ್ಡ ಬಟನ್‌ನದ್ದು ಆಗಬೇಕು.

ಗಂಡಸರೂ ಈ ಲೆಕ್ಕದಿಂದ ಹೊರಗಿಲ್ಲ. ಹೊಟ್ಟೆ ಬಂದ ಮೇಲೂ ಹತ್ತು ವರ್ಷದ ಹಿಂದಿನ ಸೈಜ್ ಹೇಳಿ ಶರ್ಟ್ ತಂದು, ನಡುವಿನ ಬಟನ್ ಬಾಯಿ ಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಅವರಿಗೆ ಯಾರೂ ಅಂಗಡಿಯಲ್ಲಿ ಏನೂ ಹೇಳುವುದಿಲ್ಲ, ಮಾತು ಕೇಳುವುದು ಹೆಣ್ಣುಮಕ್ಕಳು ಮಾತ್ರ.

ಬಣ್ಣ ನೋಡುವುದು ಬಾಗಿಲ ಬಳಿ

ಯಾರ ಮೈಬಣ್ಣಕ್ಕೆ ಯಾವ ಬಟ್ಟೆ ಎಂಬ ಪಟ್ಟಿಗಳು ಬೇಕಾದಷ್ಟಿವೆ. 1980ರಲ್ಲಿ ಅಮೆರಿಕದ ಕ್ಯಾರೊಲ್ ಜಾಕ್ಸನ್ ಅವರ ‘ಕಲರ್ ಮಿ ಬ್ಯೂಟಿಫುಲ್’ ಪುಸ್ತಕ ಜನರನ್ನು ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ ಎಂದು ನಾಲ್ಕು ಋತುಗಳಿಗೆ ಹಂಚಿ ಭಾರೀ ಹೆಸರು ಮಾಡಿತು. ಚಿನ್ನದ ಕೂದಲು, ನೀಲಿ ಕಣ್ಣು, ಕೆಂಪು ಕೂದಲು ಎಲ್ಲ ಇರುವ ಊರಿಗೆ ಆ ಲೆಕ್ಕ ಸರಿಯಿರಬಹುದು. ಬಹುತೇಕ ಎಲ್ಲರದ್ದೂ ಕಪ್ಪು ಕೂದಲು, ಕಂದು ಕಣ್ಣು ಇರುವ ನಮ್ಮಲ್ಲಿ ಅದರಿಂದ ಹೆಚ್ಚು ಪ್ರಯೋಜನ ಇಲ್ಲ.

ನಮಗೆ ಸುಲಭದ ದಾರಿ ಉಂಟು. ತಲೆವಸ್ತ್ರ ಧರಿಸುವವರ ಮುಖದ ಪಕ್ಕ ಇರುವುದು ಬುರ್ಖಾ ಅಲ್ಲ, ಶಾಲು. ಬುರ್ಖಾ ಕಪ್ಪೇ ಇರಲಿ, ಮುಖಕ್ಕೆ ಕಳೆ ಕೊಡುವುದು, ಕಳೆ ತೆಗೆಯುವುದು ಶಾಲಿನ ಬಣ್ಣ. ಎರಡು ಮೂರು ಶಾಲು ತೆಗೆದುಕೊಂಡು ಅಂಗಡಿಯ ಬಾಗಿಲ ಬಳಿ ಬನ್ನಿ. ಒಳಗಿನ ಲೈಟಿನಲ್ಲಿ ಕಂಡ ಬಣ್ಣ ಹಗಲಿನ ಬೆಳಕಿನಲ್ಲಿ ಬೇರೆಯೇ ಕಾಣುತ್ತದೆ. ಒಂದೊಂದನ್ನೂ ಗಲ್ಲದ ಕೆಳಗೆ ಹಿಡಿದು, ಶಾಲನ್ನಲ್ಲ, ಮುಖವನ್ನು ನೋಡಿ. ಕಣ್ಣ ಕೆಳಗಿನ ಕಪ್ಪು ಹೆಚ್ಚು ಕಂಡರೆ, ಮುಖಕ್ಕೆ ಬೂದಿ ಬಳಿದಂತಾದರೆ ಅದು ಬೇಡ. ನಿದ್ದೆ ಮಾಡಿ ಎದ್ದಂತೆ ಮುಖ ತಿಳಿಯಾಗಿ ಕಂಡರೆ ಅದೇ ನಿಮ್ಮ ಬಣ್ಣ.

ಒಂದು ಅಂದಾಜು ಹೇಳುವುದಾದರೆ, ಕಪ್ಪು ಮತ್ತು ಗಾಢ ಕಂದು ಮೈಬಣ್ಣದವರಿಗೆ ಸಾಸಿವೆ ಹಳದಿ, ಮರೂನ್, ಬಾಟಲ್ ಗ್ರೀನ್, ನವಿಲು ನೀಲಿ, ಅಪ್ಪಟ ಬಿಳಿ ಚೆನ್ನಾಗಿ ಎದ್ದು ಕಾಣುತ್ತವೆ. ಮಾಸಿದ ಬೂದು, ಮೈಬಣ್ಣದ್ದೇ ಹತ್ತಿರದ ಕಂದು ಮುಖವನ್ನು ಮಂಕು ಮಾಡಬಹುದು. ಗೋಧಿ ಬಣ್ಣದವರಿಗೆ ಗುಲಾಬಿ, ನೇರಳೆ, ಹಸಿರು ಹೊಂದುತ್ತದೆ. ತೀರ ತಿಳಿ ಕೆನೆಬಣ್ಣ ಅವರನ್ನು ಸುಸ್ತಾದವರಂತೆ ತೋರಿಸುವುದುಂಟು. ಇದು ಕಟ್ಟುಪಾಡಲ್ಲ. ಒಂದು ಮಾತು ಮಾತ್ರ ಗಟ್ಟಿ: “ಕಪ್ಪು ಹುಡುಗಿಗೆ ಗಾಢ ಬಣ್ಣ ಬೇಡ, ಬಿಳಿ ಬೇಡ” ಎಂದು ನಾವು ಮನೆಮನೆಯಲ್ಲಿ ಹೇಳುತ್ತಾ ಬಂದದ್ದು ತಲೆಕೆಳಗಾದ ಮಾತು.

ಕರಾವಳಿಯ ಸೆಕೆಗೆ ಯಾವ ಬಟ್ಟೆ?

ಅಂದದಷ್ಟೇ ಮುಖ್ಯ ಹಿತ. ಕಪ್ಪು ಬುರ್ಖಾದಿಂದಲೇ ಸೆಕೆ ಎನ್ನುವವರಿದ್ದಾರೆ. 1980ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟವಾಯಿತು. ಮರುಭೂಮಿಯ ಬದೂವಿ ಜನರು ಕಪ್ಪು ನಿಲುವಂಗಿ ಏಕೆ ಧರಿಸುತ್ತಾರೆ ಎಂಬುದು ಪ್ರಶ್ನೆ. ಕಪ್ಪು ಬಟ್ಟೆ ಬಿಸಿಲಿನ ಶಾಖವನ್ನು ಹೆಚ್ಚು ಹೀರಿದರೂ, ನಿಲುವಂಗಿ ಸಡಿಲ ಇದ್ದುದರಿಂದ ಆ ಶಾಖ ಚರ್ಮ ಮುಟ್ಟುವ ಮೊದಲೇ ಹೊರಹೋಗುತ್ತಿತ್ತು. ಕಪ್ಪಿರಲಿ ಬಿಳಿಯಿರಲಿ, ಮೈಗೆ ತಾಗಿದ ಶಾಖ ಒಂದೇ. ಸೆಕೆಯ ವಿಷಯದಲ್ಲಿ ಬಣ್ಣಕ್ಕಿಂತ ಸಡಿಲ ದೊಡ್ಡದು ಎಂದಾಯ್ತು.

ಆದರೆ ಅದು ಒಣ ಗಾಳಿಯ ಮರುಭೂಮಿ. ನಮ್ಮದು ಬೆವರು ಆರದ ಕಡಲ ತೀರ. ಇಲ್ಲಿ ಬಟ್ಟೆಯ ಜಾತಿಯೂ ಲೆಕ್ಕಕ್ಕೆ ಬರ್ತದೆ. 100 ಗ್ರಾಂ ಒಣ ಹತ್ತಿ ಸಾಮಾನ್ಯ ಗಾಳಿಯಲ್ಲಿ ಸುಮಾರು 8 ಗ್ರಾಂ ತೇವ ಹೀರಿಕೊಳ್ಳುತ್ತದೆ, ರೇಯಾನ್ 11ರಿಂದ 13 ಗ್ರಾಂ, ಪಾಲಿಯೆಸ್ಟರ್ ಅರ್ಧ ಗ್ರಾಮೂ ಇಲ್ಲ. ನಿದಾ ಮತ್ತು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಕ್ರೇಪ್ ಪಾಲಿಯೆಸ್ಟರ್‌ನವು. ಇಸ್ತ್ರಿ ಬೇಡ, ಬೇಗ ಒಣಗ್ತದೆ, ಮಳೆಗಾಲಕ್ಕೆ ಅನುಕೂಲ. ಆದರೆ ಬೆವರು ಹೀರುವುದಿಲ್ಲ. ಅದಕ್ಕೆ ಒಳಗೆ ತೆಳು ಹತ್ತಿಯ ಬಟ್ಟೆ ಹಾಕಿ, ಹೊರಗಿನದ್ದು ಸಡಿಲ ಇರಲಿ. ರೇಯಾನ್ ತಣ್ಣಗಿರುತ್ತದೆ, ಆದರೆ ಒದ್ದೆಯಾದಾಗ ನೂಲು ದುರ್ಬಲ, ಕಲ್ಲಿಗೆ ಬಡಿದು ಒಗೆಯಬಾರದು. ಹತ್ತಿ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಹೊಲಿಸುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ ಕೊಡಿ.

ಜೂನ್, ಜುಲೈನಲ್ಲಿ ಅರೆ ಒಣಗಿದ ಬಟ್ಟೆ ಹಾಕುವುದು, ಬಿಗಿಯಾದ ಜೀನ್ಸ್‌ನಲ್ಲಿ ದಿನವಿಡೀ ಇರುವುದು ತೊಡೆಸಂದಿಯ ಹುಳುಕಡ್ಡಿಗೆ ದಾರಿ. ಚರ್ಮದ ತೊಂದರೆ ಬಂದರೆ ಮೆಡಿಕಲ್‌ನಲ್ಲಿ ಯಾವುದೋ ಟ್ಯೂಬ್ ಕೇಳಿ ತರಬೇಡಿ, ವೈದ್ಯರಿಗೆ ತೋರಿಸಿ.

ನಮ್ಮ ಹಿರಿಯ ಬ್ಯಾರಿ ಹೆಂಗಸರ ತುನಿ, ಕುಪ್ಪಾಯ, ಯಲಸರ ನೆನಪಿಸಿಕೊಳ್ಳಿ. ಸೊಂಟಕ್ಕೊಂದು, ಮೈಗೊಂದು, ತಲೆಗೊಂದು. ಮೈ ದಪ್ಪವಾದರೂ ತೆಳ್ಳಗಾದರೂ ಸುತ್ತಿ ಉಡುವ ತುನಿ ಹೊಂದಿಕೊಳ್ಳುತ್ತಿತ್ತು. ಅದನ್ನೇ ಈಗ ಉಡಬೇಕೆಂದಲ್ಲ. ಬಟ್ಟೆ ಮೈಗೆ ಬಾಗಬೇಕು ಎಂಬ ತಿಳಿವಳಿಕೆ ಅದರಲ್ಲಿತ್ತು.

ಮಕ್ಕಳು ಮತ್ತು ಮದುಮಗಳು

ಪೆರ್ನಾಲ್ ದಿನ ಪುಟ್ಟ ಹೆಣ್ಣುಮಕ್ಕಳು ನೆಟ್ ಗೌನ್ ಹಾಕಿ ಕುತ್ತಿಗೆ ಕೆರೆದುಕೊಳ್ಳುತ್ತಾ ಅಳುವುದನ್ನು ಕಾಣುತ್ತೇವೆ. ಕೊಳ್ಳುವಾಗ ಗೌನನ್ನು ಒಳಮುಖ ಮಾಡಿ, ಹೊಲಿಗೆಯನ್ನು ನಮ್ಮ ಕೆನ್ನೆಗೆ ಉಜ್ಜಿ ನೋಡಿ. ನಮಗೆ ಚುಚ್ಚಿದ್ದು ಮಗುವಿಗೆ ಚುಚ್ಚದೆ ಇರುತ್ತದೆಯೇ? ಒಳಗೆ ಹತ್ತಿಯ ಲೈನಿಂಗ್ ಹೊಲಿಸಲು ಹೆಚ್ಚು ಖರ್ಚಿಲ್ಲ. “ಮುಂದಿನ ವರ್ಷಕ್ಕೂ ಆಗಲಿ” ಎಂದು ಎರಡು ಸೈಜ್ ದೊಡ್ಡದು ತಂದರೆ ಈ ವರ್ಷವೂ ಆಗುವುದಿಲ್ಲ, ಬಣ್ಣ ಮಾಸಿ ಮುಂದಿನ ವರ್ಷವೂ ಆಗುವುದಿಲ್ಲ.

ಮದುವೆಯ ಸಂಗತಿ ಇನ್ನೂ ಗಂಭೀರ. ಮೈಲಾಂಜಿ ಹಚ್ಚಿದ ಕೈಯ ಬಣ್ಣ ಒಂದು, ಮುಖದ ಬಣ್ಣ ಇನ್ನೊಂದು ಆಗುವಷ್ಟು ಮೇಕಪ್. ಎತ್ತಿ ನಡೆಯಲು ಇಬ್ಬರು ಬೇಕಾಗುವ ಬಾಡಿಗೆ ಗೌನ್. ಸಂಬಂಧ ನೋಡುವಾಗಲೇ ಫಿಲ್ಟರ್ ಹಾಕಿದ ಫೋಟೋ ಕಳಿಸಿ, ಮಗಳ ನಿಜವಾದ ಬಣ್ಣವನ್ನು ನಾವೇ ಮುಚ್ಚಿಟ್ಟರೆ, ಆಕೆಗೆ ಅದರಿಂದ ತಿಳಿಯುವುದೇನು? ತನ್ನ ಮುಖ ಮನೆಯವರಿಗೇ ಸಾಕಾಗಲಿಲ್ಲ ಎಂದು. ಆ ದಿನಕ್ಕೂ ಆಕೆಯ ಬಣ್ಣಕ್ಕೆ ಒಪ್ಪುವ ಶಾಲು, ಆಕೆಯ ಹೆಗಲಿಗೆ ಕೂರುವ ಹೊಲಿಗೆ, ಊಟಕ್ಕೆ ಕೂರಲು ಆಗುವಷ್ಟು ಭಾರ ಇದ್ದರೆ ಸಾಕು.

ಮುಂದಿನ ಸಲ ಅಂಗಡಿಗೆ ಹೋಗುವಾಗ ಅಳತೆ ಬರೆದ ಚೀಟಿ ಜೊತೆಗಿರಲಿ. ಜನಸಂದಣಿಯ ಸಂಜೆ ಬಿಟ್ಟು ಹಗಲು ಹೊತ್ತು ಹೋಗಿ. ಮಗಳು ಕೈ ಹಾಕಿದ ಬಣ್ಣವನ್ನು ಮೊದಲು ಬಾಗಿಲ ಬೆಳಕಿಗೆ ಹಿಡಿದು ನೋಡೋಣ. ಹೊಂದದಿದ್ದರೆ “ನಿನಗೆ ಇದು ಆಗುವುದಿಲ್ಲ” ಎನ್ನದೆ, “ಈ ಬಟ್ಟೆ ನಿನಗೆ ಸಾಲದು, ಬೇರೆ ನೋಡುವಾ” ಎನ್ನೋಣ. ಇಷ್ಟಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.