ಬಿಸಿಲಿನ ಪ್ರವಾಸಕ್ಕೊಂದು ನೀರಿನ ವೇಳಾಪಟ್ಟಿ

ಶಾಲಾ ಪ್ರವಾಸ ಗೊತ್ತಾದ ಕೂಡಲೇ ಶಿಕ್ಷಕರ ಕೆಲಸದ ಪಟ್ಟಿ ಬೆಳೆಯುತ್ತದೆ. ಪೋಷಕರ ಒಪ್ಪಿಗೆ ಪತ್ರ, ಬಸ್ಸಿನ ಬುಕಿಂಗ್, ಊಟ-ತಿಂಡಿ, ಗುರುತಿನ ಚೀಟಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲದಕ್ಕೂ ಒಬ್ಬೊಬ್ಬರು ನಿಲ್ಲುತ್ತಾರೆ. ನೀರಿನ ವಿಷಯ ಮಾತ್ರ ‘ಎಲ್ಲರೂ ಬಾಟಲಿ ತರತಕ್ಕದ್ದು’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಮಕ್ಕಳು ತರುತ್ತಾರೆ. ಹಂಪಿಯ ಬಂಡೆಗಳ ನಡುವೆ ಮಧ್ಯಾಹ್ನದ ಹೊತ್ತಿಗೆ ನೋಡಿದರೆ ಕೆಲವರ ಬಾಟಲಿ ಬರಿದಾಗಿರುತ್ತದೆ, ಕೆಲವರದು ಬೆಳಿಗ್ಗೆ ಅಮ್ಮ ತುಂಬಿಕೊಟ್ಟ ಹಾಗೇ ಇರುತ್ತದೆ. ಹೆಚ್ಚು ಗಮನ ಬೇಕಾದದ್ದು ಈ ಎರಡನೆಯ ಗುಂಪಿಗೆ.

ಬಸ್ಸಿನಲ್ಲಿ ನೀರು ಇರುವುದು ಬೇರೆ, ಅದು ಮಗುವಿನ ಹೊಟ್ಟೆ ಸೇರುವುದು ಬೇರೆ. ಯಾವಾಗ ಕುಡಿಯುವುದು, ಯಾವ ನೆರಳಲ್ಲಿ ಕೂರುವುದು, ಎಲ್ಲಿ ಶೌಚಾಲಯಕ್ಕೆ ಹೋಗುವುದು, ಈ ಮೂರನ್ನೂ ಪ್ರವಾಸದ ವೇಳಾಪಟ್ಟಿಯಲ್ಲೇ ಬರೆದುಕೊಂಡಾಗ ಮಾತ್ರ ಕೆಲಸ ಆಗುತ್ತದೆ.

ನಮ್ಮ ಶಾಲಾ ಪ್ರವಾಸಗಳು ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರುವರಿಯ ನಡುವೆ ನಡೆಯುತ್ತವೆ. ಚಳಿಗಾಲ ತಾನೇ ಎಂದು ಮೈಮರೆಯುವಂತಿಲ್ಲ. ಫೆಬ್ರುವರಿ ಬಂತೆಂದರೆ ಹೊಸಪೇಟೆ, ಬಾದಾಮಿ, ವಿಜಯಪುರದ ಕಡೆ ಮಧ್ಯಾಹ್ನದ ಬಿಸಿಲು ಚುರುಕಾಗಿರುತ್ತದೆ. ಕಾದ ಕಲ್ಲು ಕೆಳಗಿನಿಂದಲೂ ಶಾಖ ಬಿಡುತ್ತದೆ. ಅದೂ ಅಲ್ಲದೆ ಮಡಿಕೇರಿ, ಶಿವಮೊಗ್ಗ, ಬೆಂಗಳೂರಿನಿಂದ ಬಂದ ಮಗುವಿನ ಮೈ ಆ ಬಿಸಿಲಿಗೆ ಒಗ್ಗಿರುವುದಿಲ್ಲ. ಬಿಸಿಲಿಗೆ ದೇಹ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಪ್ರವಾಸ ಇರುವುದೇ ಎರಡು ದಿನ.

ಮೈ ತಣ್ಣಗಾಗುವುದು ಹೇಗೆ?

ನಡೆದಾಡುವ ದೇಹ ಒಳಗಿನಿಂದ ಬಿಸಿ ಹುಟ್ಟಿಸುತ್ತಲೇ ಇರುತ್ತದೆ. ಹೊರಗಿನ ಗಾಳಿ ತಂಪಾಗಿದ್ದರೆ ಆ ಬಿಸಿ ಚರ್ಮದಿಂದ ತಾನಾಗಿ ಹೊರಹೋಗುತ್ತದೆ. ಗಾಳಿಯ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಚರ್ಮ ಮತ್ತು ಗಾಳಿ ಹೆಚ್ಚುಕಡಿಮೆ ಒಂದೇ ಬಿಸಿಗೆ ಬರುತ್ತವೆ, ಆ ದಾರಿ ಮುಚ್ಚಿಹೋಗುತ್ತದೆ. ಆಗ ಉಳಿಯುವುದು ಬೆವರು ಆರುವ ದಾರಿ ಒಂದೇ. ಮಣ್ಣಿನ ಮಡಕೆಯ ಮೈಯಿಂದ ನೀರು ಜಿನುಗಿ ಆರುವಾಗ ಒಳಗಿನ ನೀರು ತಣ್ಣಗಾಗುವ ಹಾಗೆಯೇ ಇದು. ಜಿನುಗಲು ನೀರಿಲ್ಲದಿದ್ದರೆ ತಂಪೂ ಇಲ್ಲ.

ಇಲ್ಲಿ ಊರಿನ ಹವೆಯನ್ನೂ ನೋಡಬೇಕು. ಹಂಪಿಯ ಒಣಗಾಳಿಯಲ್ಲಿ ಬೆವರು ಬಂದದ್ದೇ ತಡ, ಆರಿಹೋಗುತ್ತದೆ. ಮಗುವಿನ ಅಂಗಿ ಒದ್ದೆಯಾಗಿ ಕಾಣುವುದಿಲ್ಲ. ‘ಬೆವರೇ ಇಲ್ಲವಲ್ಲ’ ಎಂದುಕೊಂಡು ನಾವು ಸುಮ್ಮನಿರುತ್ತೇವೆ, ಒಳಗೆ ನೀರು ಖಾಲಿಯಾಗುತ್ತಿರುತ್ತದೆ. ಕಾರವಾರ, ಮುರುಡೇಶ್ವರದಂಥ ಕರಾವಳಿಯಲ್ಲಿ ಇದಕ್ಕೆ ತದ್ವಿರುದ್ಧ. ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆವರು ಧಾರಾಕಾರವಾಗಿ ಸುರಿದರೂ ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಅಲ್ಲಿ ನೀರಿನಷ್ಟೇ ನೆರಳು, ಗಾಳಿ, ವಿಶ್ರಾಂತಿಯೂ ಮುಖ್ಯ.

ಎಷ್ಟು ನೀರು ಬೇಕು?

ದೇಹದ ತೂಕದ ಶೇಕಡಾ 2ರಷ್ಟು ನೀರು ಕಡಿಮೆಯಾದರೆ ಸುಸ್ತು, ತಲೆನೋವು, ಗಮನ ತಪ್ಪುವುದು ಶುರುವಾಗಬಹುದು. 30 ಕೆ.ಜಿ. ತೂಕದ ಐದಾರನೇ ತರಗತಿಯ ಮಗುವಿಗೆ ಇದು ಬರೀ 600 ಮಿಲಿಲೀಟರ್. ಬಿಸಿಲಿನಲ್ಲಿ ಓಡಾಡುವ ಮಗು ಕೆಲವೇ ಗಂಟೆಗಳಲ್ಲಿ ಇಷ್ಟನ್ನು ಕಳೆದುಕೊಳ್ಳಬಲ್ಲದು.

ಬಿಸಿಲಿನಲ್ಲಿ ಆಟ, ವ್ಯಾಯಾಮದಲ್ಲಿ ತೊಡಗುವ 9ರಿಂದ 12 ವರ್ಷದ ಮಕ್ಕಳಿಗೆ ಪ್ರತಿ 20 ನಿಮಿಷಕ್ಕೆ 100ರಿಂದ 250 ಮಿ.ಲೀ. ನೀರು ಸಾಕಾಗುತ್ತದೆ ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2011ರಲ್ಲಿ ಹೇಳಿತು. ನಮ್ಮ ಮಕ್ಕಳು ಪ್ರವಾಸದಲ್ಲಿ ನಡೆಯುವವರು, ಹಾಗಾಗಿ ಇದರ ಕೆಳಗಿನ ಅಳತೆ ಹಿಡಿದರೆ ಸಾಕು: ನಡೆದಾಡುವ ಹೊತ್ತಿನಲ್ಲಿ 20 ನಿಮಿಷಕ್ಕೊಮ್ಮೆ ಅರ್ಧದಿಂದ ಮುಕ್ಕಾಲು ಲೋಟ. ಮೂರು ಗಂಟೆ ನಡಿಗೆಗೆ ಒಂದೂಕಾಲು ಲೀಟರ್‌ನಷ್ಟಾಗುತ್ತದೆ. ಊಟ, ತಿಂಡಿ, ಬಸ್ಸಿನ ಹೊತ್ತು ಸೇರಿಸಿದರೆ ಒಂದು ಮಗುವಿಗೆ ದಿನಕ್ಕೆ ಸುಮಾರು 2 ಲೀಟರ್.

45 ಮಕ್ಕಳು, 5 ಮಂದಿ ಶಿಕ್ಷಕರಿರುವ ಬಸ್ಸಿಗೆ 100 ಲೀಟರ್, ಅಂದರೆ 20 ಲೀಟರ್‌ನ ಐದು ಕ್ಯಾನ್. ದೊಡ್ಡವರಿಗೆ ಇನ್ನಷ್ಟು ಬೇಕು, ಒಂದಿಷ್ಟು ಚೆಲ್ಲಿಯೂ ಹೋಗುತ್ತದೆ. ಆರನೆಯ ಕ್ಯಾನ್ ಇಟ್ಟುಕೊಳ್ಳಿ. ಕೈ ತೊಳೆಯುವ ನೀರು ಇದರಲ್ಲಿ ಸೇರಿಲ್ಲ. ಕ್ಯಾನಿನ ನಲ್ಲಿಯನ್ನು ಹಿಂದಿನ ದಿನವೇ ತೊಳೆದಿಡಿ. ಕ್ಯಾನುಗಳು ಲಗೇಜಿನ ಕೆಳಗೆ ಸೇರಿಕೊಂಡರೆ ಯಾರೂ ತೆಗೆಯುವುದಿಲ್ಲ, ಬಸ್ಸಿನ ಬಾಗಿಲ ಹತ್ತಿರ ಇರಲಿ.

ಹಾಗೆಂದು ಒಂದೇ ಸಲ ಒಂದು ಲೀಟರ್ ಕುಡಿಸುವುದೂ ಸರಿಯಲ್ಲ. ಹೊಟ್ಟೆ ತೊಳಸುತ್ತದೆ, ವಾಂತಿಯಾಗಬಹುದು. ಅತಿಯಾಗಿ ಬರೀ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುವ ಅಪಾಯವೂ ಇದೆ. ಸ್ವಲ್ಪಸ್ವಲ್ಪವಾಗಿ, ಪದೇಪದೇ ಕುಡಿಯಬೇಕು.

ಮಕ್ಕಳು ಯಾಕೆ ಕುಡಿಯುವುದಿಲ್ಲ?

ಮೊದಲನೆಯದು, ಆಟದ ಗುಂಗಿನಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಎರಡನೆಯದು, ಬಸ್ಸಿನಲ್ಲಿ ವಾಂತಿಯಾದೀತೆಂಬ ಅಂಜಿಕೆ. ಇಂಥ ಮಕ್ಕಳು ಬೆಳಿಗ್ಗೆಯಿಂದ ಒಂದು ಗುಟುಕೂ ಇಳಿಸಿರುವುದಿಲ್ಲ. ಮುಂದಿನ ಸೀಟು ಕೊಟ್ಟು, ಗುಟುಕು ಗುಟುಕಾಗಿ ಕುಡಿಸಬೇಕು. ವಾಂತಿ ತಡೆಯುವ ಕೆಲವು ಮಾತ್ರೆಗಳು ಬೆವರನ್ನು ತಗ್ಗಿಸುತ್ತವೆ, ಮಂಪರು ತರುತ್ತವೆ. ವೈದ್ಯರನ್ನು ಕೇಳದೆ ಅವನ್ನು ಹಂಚಬಾರದು.

ಮೂರನೆಯ ಕಾರಣ ಎಲ್ಲಕ್ಕಿಂತ ದೊಡ್ಡದು: ಶೌಚಾಲಯ. ‘ಮಿಸ್, ಒಂದಕ್ಕೆ ಹೋಗ್ಬೇಕು’ ಎಂದು ಕೇಳಲು ನಾಚಿಕೆ. ಕೇಳಿದರೆ ಬಸ್ಸು ನಿಲ್ಲಿಸಬೇಕು, ಎಲ್ಲರೂ ನೋಡುತ್ತಾರೆ, ಸರ್ ಬೈಯಬಹುದು. ಗಂಡುಮಕ್ಕಳಿಗೆ ಹೇಗೋ ನಡೆಯುತ್ತದೆ. ಹೆಣ್ಣುಮಕ್ಕಳು ಕೇಳುವ ಗೋಜಿಗೇ ಹೋಗದೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಮುಟ್ಟಿನ ದಿನಗಳಲ್ಲಿದ್ದರಂತೂ ಕೇಳುವುದೇ ಬೇಡ. ಎಂಟನೇ ತರಗತಿಯ ಹುಡುಗಿಯ ಬಾಟಲಿ ಸಂಜೆಯವರೆಗೂ ತುಂಬಿದ್ದರೆ, ಅವಳಿಗೆ ಬಾಯಾರಿಲ್ಲವೆಂದು ತಿಳಿಯಬಾರದು. ದಾರಿಯಲ್ಲಿ ಶುಚಿಯಾದ, ಬಾಗಿಲಿಗೆ ಚಿಲಕವಿರುವ ಜಾಗ ಸಿಗುವುದೆಂಬ ಭರವಸೆ ಅವಳಿಗಿಲ್ಲ, ಅಷ್ಟೇ.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲೇ ಇದೆ. ಎರಡು ಗಂಟೆಗೊಮ್ಮೆ ಎಲ್ಲಿ ನಿಲ್ಲುತ್ತೇವೆಂದು ಮೊದಲೇ ಗುರುತಿಸಿ: ಬಸ್ ನಿಲ್ದಾಣ, ಪೆಟ್ರೋಲ್ ಬಂಕ್, ಊಟದ ಹೋಟೆಲು. ಹೊರಡುವ ಮುನ್ನ ಮಕ್ಕಳಿಗೆ ಅದನ್ನು ಓದಿ ಹೇಳಿ. ಅಲ್ಲಿ ಎಲ್ಲರೂ ಇಳಿಯಲಿ, ಯಾರೂ ಕೈಯೆತ್ತಿ ಕೇಳಬೇಕಾದ ಪ್ರಸಂಗ ಬಾರದಿರಲಿ. ಹೆಣ್ಣುಮಕ್ಕಳ ಜೊತೆ ಒಬ್ಬ ಶಿಕ್ಷಕಿ ಇರಲಿ. ಅವರ ಚೀಲದಲ್ಲಿ ಪ್ಯಾಡ್, ಸೋಪು, ಹಳೆಯ ಪತ್ರಿಕೆ ಇರಲಿ. ಮುಂದೆ ಶೌಚಾಲಯ ಇದೆಯೆಂದು ಖಾತ್ರಿಯಾದ ಮಗು ನಿಶ್ಚಿಂತೆಯಿಂದ ನೀರು ಕುಡಿಯುತ್ತದೆ.

2019ರಲ್ಲಿ ಕೇರಳದ ಶಾಲೆಗಳಲ್ಲಿ ‘ವಾಟರ್ ಬೆಲ್’ ಪದ್ಧತಿ ಸುದ್ದಿಯಾಯಿತು. ಗಂಟೆ ಬಾರಿಸಿದಾಗ ಎಲ್ಲ ಮಕ್ಕಳೂ ಒಟ್ಟಿಗೆ ನೀರು ಕುಡಿಯುವುದು ಅದರ ಕ್ರಮ. ನಮ್ಮ ರಾಜ್ಯದ ಶಾಲೆಗಳಿಗೂ ಅದು ಬಂತು. ಪ್ರವಾಸದಲ್ಲಿ ಗಂಟೆಯ ಬದಲು ದೈಹಿಕ ಶಿಕ್ಷಕರ ವಿಷಲ್ ಸಾಕು. ವಿಷಲ್ ಊದಿದಾಗ ಮೊದಲು ಶಿಕ್ಷಕರೇ ಬಾಟಲಿ ಎತ್ತಲಿ, ಮಕ್ಕಳು ಹಿಂದೆಯೇ ಎತ್ತುತ್ತಾರೆ.

ಹಂಪಿಯಲ್ಲಿ ಒಂದು ದಿನ

ಬೆಳಿಗ್ಗೆ 7: ಹೊಸಪೇಟೆಯಲ್ಲಿ ತಿಂಡಿ, ಶೌಚ, ಒಂದು ಲೋಟ ನೀರು. ಬರಿಹೊಟ್ಟೆಯಲ್ಲಿ ಯಾರನ್ನೂ ಬಿಸಿಲಿಗೆ ಇಳಿಸಬೇಡಿ.

8ರಿಂದ 10: ವಿರೂಪಾಕ್ಷ ದೇವಾಲಯ, ಪಕ್ಕದ ಹೇಮಕೂಟ. ಹೇಮಕೂಟದ ಬಂಡೆಯ ಮೇಲೆ ನೆರಳು ಕಡಿಮೆ, ಬಿಸಿಲೇರುವ ಮೊದಲೇ ಮುಗಿಸಬೇಕು.

10ರಿಂದ 11: ರಾಜಾವರಣ. ಮೆಟ್ಟಿಲು ಪುಷ್ಕರಣಿಗೆ ನೀರು ತರುತ್ತಿದ್ದ ಕಲ್ಲಿನ ಕಾಲುವೆ ಇಲ್ಲಿದೆ. ವಿಜಯನಗರದವರು ಒಣನೆಲದಲ್ಲಿ ನೀರನ್ನು ಹೇಗೆ ನಡೆಸಿದರೆಂದು ಹೇಳಿ, ನೀರಿನ ವಿರಾಮವನ್ನು ಅಲ್ಲೇ ಕೊಟ್ಟರೆ ಪಾಠ ಮಕ್ಕಳಿಗೆ ನಾಟುತ್ತದೆ.

11ರಿಂದ 12: ಕಮಲ ಮಹಲ್, ಆನೆಲಾಯ. ಸುತ್ತಲಿನ ಮರಗಳ ನೆರಳಲ್ಲಿ ಕೂತು ಹಣ್ಣು ತಿನ್ನಲು ಒಳ್ಳೆಯ ಜಾಗ.

12ರಿಂದ 3: ಬಿಸಿಲಿಗೆ ಇಳಿಯಲೇಬಾರದು. ಊಟ, ವಿಶ್ರಾಂತಿ, ಕಮಲಾಪುರದ ವಸ್ತುಸಂಗ್ರಹಾಲಯ. ಶುಕ್ರವಾರ ಅದಕ್ಕೆ ರಜೆ ಇರುತ್ತದೆ, ದಿನ ಗೊತ್ತುಮಾಡುವಾಗಲೇ ನೋಡಿಕೊಳ್ಳಿ.

3.30ರ ನಂತರ: ವಿಜಯ ವಿಠ್ಠಲ ದೇವಾಲಯ. ಬಸ್ಸು ದೂರದಲ್ಲೇ ನಿಲ್ಲುತ್ತದೆ, ಮುಂದೆ ಬ್ಯಾಟರಿ ವಾಹನ ಇಲ್ಲವೇ ನಡಿಗೆ. ಹಾಗಾಗಿ ಬಸ್ಸು ಬಿಡುವ ಮುನ್ನ ಪ್ರತಿಯೊಬ್ಬರ ಬಾಟಲಿಯನ್ನೂ ಮತ್ತೆ ತುಂಬಿಸಬೇಕು.

ಬೇಸಿಗೆ ಬಂದರೆ ಕಲ್ಯಾಣ ಕರ್ನಾಟಕದಲ್ಲಿ ಸರ್ಕಾರಿ ಕಚೇರಿಗಳೇ ಬೆಳಗಿನ ವೇಳೆಗೆ ಬದಲಾಗುತ್ತವೆ. ದೊಡ್ಡವರ ಕೆಲಸಕ್ಕೆ ಇರುವ ಈ ಎಚ್ಚರ ಮಕ್ಕಳ ಪ್ರವಾಸಕ್ಕೂ ಇರಬೇಕು. ಒಂದೆರಡು ಸ್ಮಾರಕ ಬಿಟ್ಟುಹೋದರೆ ನಷ್ಟವೇನಿಲ್ಲ, ಮತ್ತೆ ಬಂದು ನೋಡಬಹುದು. ಇನ್ನೊಂದು ಎಚ್ಚರ: ಹಂಪಿ, ಬಾದಾಮಿ ಎರಡೂ ಕಡೆ ಕೋತಿಗಳು ಬಣ್ಣದ ಪಾನೀಯದ ಬಾಟಲಿ, ತಿಂಡಿ ಪೊಟ್ಟಣ ಕಸಿಯುತ್ತವೆ. ನೀರಿನ ಬಾಟಲಿ ಚೀಲದೊಳಗೇ ಇರಲಿ.

ಏನು ಕುಡಿಯಲಿ, ಏನು ಬೇಡ?

ಕಾಯಿಸಿ ಆರಿಸಿದ ಅಥವಾ ಶುದ್ಧೀಕರಿಸಿದ ನೀರೇ ಮೊದಲು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ, ಸಾಮಾನ್ಯವಾಗಿ ಊಟ-ತಿಂಡಿಯೇ ಅದನ್ನು ತುಂಬಿಕೊಡುತ್ತದೆ. ಉಪ್ಪು ಹಾಕಿದ ನೀರುಮಜ್ಜಿಗೆ, ಚಿಟಿಕೆ ಉಪ್ಪಿನ ನಿಂಬೆ ಪಾನಕ, ಎಳನೀರು ಒಳ್ಳೆಯವು. ಮನೆಯ ಮಜ್ಜಿಗೆ ಬಿಸಿಲಿಗೆ ಬೇಗ ಹುಳಿಯಾಗುತ್ತದೆ, ದಾರಿಯಲ್ಲಿ ತಣ್ಣಗಿನ ಪ್ಯಾಕೆಟ್ ಕೊಳ್ಳುವುದು ಸುರಕ್ಷಿತ. ಕಲ್ಲಂಗಡಿ, ಸೌತೆಕಾಯಿಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಇಡಿಯಾಗಿ ಒಯ್ದು ನೀವೇ ಹೆಚ್ಚಿ ಕೊಡಿ. ರಸ್ತೆ ಬದಿಯ ಹೆಚ್ಚಿಟ್ಟ ಹಣ್ಣು, ಐಸ್ ಹಾಕಿದ ಶರಬತ್ತು ಬೇಡ. ಪ್ರವಾಸದಲ್ಲಿ ಹೊಟ್ಟೆ ಕೆಟ್ಟರೆ ಬಿಸಿಲಿಗಿಂತ ಬೇಗ ನೀರು ಕಳೆಯುತ್ತದೆ. ತಂಪು ಪಾನೀಯಗಳಲ್ಲಿ ಸಕ್ಕರೆ ವಿಪರೀತ. ಕೆಫೀನ್ ಇರುವ ಎನರ್ಜಿ ಡ್ರಿಂಕ್‌ಗಳು ಮಕ್ಕಳಿಗೆ ಸಲ್ಲವೆಂದು ಡಬ್ಬಿಯ ಮೇಲೇ ಬರೆದಿರುತ್ತದೆ.

ಓಆರ್‌ಎಸ್ ಪೊಟ್ಟಣಗಳನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಿ. ವಾಂತಿ, ಭೇದಿ, ವಿಪರೀತ ಬೆವರಿನಿಂದ ಸೋತ ಮಗುವಿಗೆ ಅದು ಬೇಕು. ಅದರಲ್ಲಿನ ಗ್ಲೂಕೋಸ್ ಕರುಳಿನಲ್ಲಿ ಒಳಹೋಗುವಾಗ ಸೋಡಿಯಂ ಜೊತೆಗೇ ಹೋಗುತ್ತದೆ, ನೀರು ಹಿಂಬಾಲಿಸುತ್ತದೆ. ಈ ಹದ ಕೆಡದಿರಲು ಅಳತೆ ಸರಿಯಿರಬೇಕು. ಒಂದು ಲೀಟರ್‌ಗೆ ಎಂದು ಬರೆದ ಪೊಟ್ಟಣವನ್ನು ಲೋಟದಲ್ಲಿ ಕದಡಬಾರದು, ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಕದಡಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು. ಓಆರ್‌ಎಸ್ ಎಂಬ ಹೆಸರು ಹೊತ್ತ ಸಿಹಿ ಪಾನೀಯಗಳೂ ಮಾರುಕಟ್ಟೆಯಲ್ಲಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಔಷಧಿ ಅಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣವನ್ನೇ ಕೇಳಿ ಪಡೆಯಿರಿ.

ಮಗು ಸೋತಿದೆ ಎಂದು ತಿಳಿಯುವುದು ಹೇಗೆ?

ಒಣಗಿದ ತುಟಿ, ತಲೆನೋವು, ಸಿಡುಕು, ಗುಂಪಿನಿಂದ ಹಿಂದೆ ಬೀಳುವುದು, ಮಾತಾಡುವ ಮಗು ಸುಮ್ಮನಾಗುವುದು ಮೊದಲ ಸೂಚನೆಗಳು. ಮೂತ್ರ ಕಡು ಹಳದಿಯಾದರೆ, ಆರೆಂಟು ಗಂಟೆ ಹೋಗಿಯೇ ಇಲ್ಲದಿದ್ದರೆ ನೀರು ಸಾಲದಾಗಿದೆ. ನೆರಳಿಗೆ ಕರೆತಂದು, ಶೂ ಸಡಿಲಿಸಿ, ಗುಟುಕು ಗುಟುಕಾಗಿ ಕುಡಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ. ತಲೆಸುತ್ತು, ವಾಕರಿಕೆ, ಕಾಲಿನ ಸೆಳೆತ ಇದ್ದರೆ ಓಆರ್‌ಎಸ್ ಕೊಡಿ. ಅಂದು ಆ ಮಗುವನ್ನು ಮತ್ತೆ ಬಿಸಿಲಿಗೆ ಕರೆದೊಯ್ಯಬೇಡಿ.

ಮಗು ಏನೇನೋ ಮಾತಾಡತೊಡಗಿದರೆ, ತೂರಾಡಿದರೆ, ಎಚ್ಚರ ತಪ್ಪಿದರೆ, ಮೈ ಸುಡುತ್ತಿದ್ದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ದೇಹದ ಒಳಬಿಸಿ 40 ಡಿಗ್ರಿ ದಾಟುವ ಈ ಸ್ಥಿತಿಯಲ್ಲಿ ನಿಮಿಷಗಳೂ ಅಮೂಲ್ಯ. ಒಬ್ಬರು 108ಕ್ಕೆ ಕರೆ ಮಾಡಲಿ, ಉಳಿದವರು ತಕ್ಷಣ ಮೈ ತಣ್ಣಗೆ ಮಾಡಲು ತೊಡಗಲಿ. ಕ್ಯಾನಿನ ನೀರನ್ನೇ ಮೈಮೇಲೆ ಸುರಿದು ಬೀಸಿ ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣೀರ ಬಟ್ಟೆ ಇಡಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋದೀತು. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ.

ಮನೆಯವರ ಪಾಲು

ಹಿಂದಿನ ರಾತ್ರಿ ಮಗುವಿಗೆ ಸಾಕಷ್ಟು ನೀರು, ನಿದ್ದೆ ಸಿಗಲಿ. ತೆಳು ಹತ್ತಿ ಬಟ್ಟೆ, ಟೊಪ್ಪಿ, ಹೆಸರು ಬರೆದ ಒಂದು ಲೀಟರ್ ಬಾಟಲಿ ಕೊಡಿ. ಜ್ವರ, ಭೇದಿಯಿಂದ ಈಗಷ್ಟೇ ಎದ್ದ ಮಗುವನ್ನು ಕಳಿಸಬೇಡಿ. ಮೂತ್ರಪಿಂಡ, ಹೃದಯದ ತೊಂದರೆ, ಮಧುಮೇಹ, ಫಿಟ್ಸ್ ಇದ್ದರೆ ಬರೆದು ತಿಳಿಸಿ. ಇಂಥ ಕೆಲವು ಮಕ್ಕಳಿಗೆ ನೀರಿನ ಅಳತೆಯೇ ಬೇರೆ ಇರುತ್ತದೆ.

ಮುಂದಿನ ಪೋಷಕರ ಸಭೆಯಲ್ಲಿ ಪ್ರವಾಸದ ವೇಳಾಪಟ್ಟಿ ಕೈಗೆ ಬಂದಾಗ ಒಂದು ಪ್ರಶ್ನೆ ಕೇಳಿ: ನೋಡುವ ಸ್ಥಳಗಳ ಎದುರು ನೀರಿನ ವೇಳೆಯೂ ಶೌಚಾಲಯದ ಜಾಗವೂ ಬರೆದಿವೆಯೇ? ಇಲ್ಲದಿದ್ದರೆ ಶಿಕ್ಷಕರ ಜೊತೆ ಕೂತು ಅವೆರಡನ್ನೂ ತುಂಬಿ. ಒಂದು ಸಂಜೆಯಲ್ಲಿ ಮುಗಿಯುವ ಕೆಲಸವದು. ಅದಾಗದೆ ಬಸ್ಸು ಹೊರಡಬಾರದು.